ನಷ್ಟದ ವಿವರ, ಮೂರು ಸಾಲು ಮೀರದಂತೆ

ಮೂರು ಸಾಲು ಸಾಲದು ಸ್ವಾಮಿ,
ಹಾಳೆ ತಿರುಗಿಸಿ ಓದಿ.
ಹೆಸರು ಐಲಿ ಹೈಕಿನೆನ್. ಸುಪೀರಿಯರ್ ಸರೋವರದ ದಂಡೆ,
ಗುಡ್ಡದ ಬೆನ್ನಿಗೆ ಅಂಟಿಕೊಂಡ ಊರು,
ಒಂಬತ್ತು ಯಂತ್ರದ ಬಟ್ಟೆ ಒಗೆಯುವ ಅಂಗಡಿ,
ಗೋಡೆಗೊಂದು ಟೀವಿ.

ಜನವರಿಯ ಒಂದು ಸಂಜೆ ಐದಕ್ಕೆ
ಆರನೇ ವಾಹಿನಿ ಹೋಯಿತು.
ಕರೆಂಟು ಹೋದ ಹಾಗಲ್ಲ,
ಕರೆಂಟು ಹೋದರೆ ಮರ್ಯಾದೆಯಿಂದ ಕತ್ತಲಾಗುತ್ತದೆ.
ಇದು ನೀಲಿ ಪರದೆ, ಬಿಳಿ ಅಕ್ಷರ:
ನಿಮ್ಮ ಪರವಾಗಿ ನಾವು ಹೋರಾಡುತ್ತಿದ್ದೇವೆ.
ವಾಹಿನಿಯವರಿಗೆ ಫೋನು ಮಾಡಿದೆ.
ಅವರೂ ನನ್ನ ಪರವಾಗಿಯೇ ಹೋರಾಡುತ್ತಿದ್ದರು.
ಇಷ್ಟು ಜನ ನನ್ನ ಪರ ನಿಂತದ್ದು
ನನ್ನ ಮದುವೆಯಲ್ಲೂ ಇಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ.
ಇಲ್ಲಿ ಕೂಸೇ ತಿಂಗಳು ತಿಂಗಳು
ಇಬ್ಬರ ಮನೆಬಾಡಿಗೆ ಕಟ್ಟುತ್ತದೆ.
ಬಿಲ್ಲು ಲಗತ್ತಿಸಿದ್ದೇನೆ, ನಾಲ್ಕನೇ ಸಾಲು ನೋಡಿ:
ಸ್ಥಳೀಯ ವಾಹಿನಿ ಶುಲ್ಕ, ಇಪ್ಪತ್ತೊಂದು ಡಾಲರ್ ಹದಿನೈದು ಸೆಂಟು.
ಹಾಲಿಲ್ಲ,
ಹಾಲಿನವನ ಲೆಕ್ಕದ ಗೀಟು ಮಾತ್ರ ಗೋಡೆಯ ಮೇಲೆ.

ಬೇರೆ ಕಂಪನಿಗೆ ಹೋಗುತ್ತೇನೆ ಎಂದರೆ
ಕರಾರು ಮುರಿದ ದಂಡ ಇನ್ನೂರ ನಲವತ್ತು.
ಚಾವಣಿಗೆ ಆಂಟೆನಾ ಹಾಕಿ ಎಂದಳು ಫೋನಿನ ಹುಡುಗಿ,
ಪಾಪ, ಬರೆದುಕೊಟ್ಟದ್ದನ್ನು ಓದುತ್ತ.
ಗುಡ್ಡವನ್ನು ಎಲ್ಲಿಡಲಿ ಎಂದು ಕೇಳಿದೆ.
ಅದಕ್ಕೆ ಉತ್ತರ ಯಾರೂ ಬರೆದುಕೊಟ್ಟಿರಲಿಲ್ಲ.
ಆ ಕಡೆಯಿಂದ ಒಂದು ಚೂರು ನಗು ಕೇಳಿಸಿತು.

ಈಗ ನಷ್ಟ.
ಕ್ಲಾರೆನ್ಸ್ ಬೊಶಾಂ, ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವವನು,
ಬೆಳಗಿನ ನಾಲ್ಕಕ್ಕೆ ಬಂದು
ಮೇಲಂಗಿಯನ್ನು ಮೂರನೇ ಯಂತ್ರಕ್ಕೆ ತುರುಕಿ
ನಮ್ಮೂರ ಹವಾಮಾನ ನೋಡುತ್ತಾನೆ.
ಅವನದು ಮಡಚುವ ಫೋನು, ಅದಕ್ಕೆ ಆಕಾಶ ಗೊತ್ತಿಲ್ಲ.
ಹನ್ನೊಂದನೇ ದಿನ ಸರೋವರದ ಕಡೆಯಿಂದ
ಗಾಳಿ ಎದ್ದು ಬರುತ್ತಿದ್ದಾಗ
ಅವನೆದುರು ಇದ್ದದ್ದು ಬೇರೆ ಯಾವುದೋ ವಾಹಿನಿ,
ಫ್ಲೋರಿಡಾದಲ್ಲಿ ಯಾರೋ ಹುರಿಯುತ್ತಿದ್ದ ಸಿಗಡಿ.
ಲಾರಿ ಕಂದಕಕ್ಕಿಳಿಯಿತು. ಆರು ಗಂಟೆ,
ಇಂಜಿನ್ ಬಂದ್, ಸೊನ್ನೆಯ ಕೆಳಗೆ ಚಳಿ.
ಏನೂ ಆಗಲಿಲ್ಲ, ಬರೆಯಬೇಡ ಎಂದಿದ್ದಾನೆ.
ಮೊತ್ತದ ಕಾಲಂನಲ್ಲಿ ಏನು ಹಾಕಲಿ?

ಭಾನುವಾರ ಆಟ ನೋಡಲು ಬರುವವರು
ಬಟ್ಟೆ ತಿರುಗುವ ದುಂಡು ಗಾಜನ್ನೇ ನೋಡುತ್ತ ಕೂತರು.
ಯಾರು ಗೆಲ್ತಿದ್ದಾರೆ ಅಂದಳು ವರ್ನಾ.
ಸದ್ಯಕ್ಕೆ ಟವೆಲ್ಲು, ಅಂದ ಹಿಂದಿನ ಬೆಂಚಿನವನು.

ನಲವತ್ತು ನಿಮಿಷ ಫೋನಿನ ಸಂಗೀತ ಸಹಿಸಿದವರಿಗೆ
ಐದು ಡಾಲರ್ ಮನ್ನಾ. ಕೇಳದವರಿಗೆ ಇಲ್ಲ.
ಕ್ಲಾರೆನ್ಸ್ ಕೇಳುವ ಜಾತಿಯವನಲ್ಲ.

ನನ್ನ ಗಲ್ಲಾ ಪೆಟ್ಟಿಗೆಯ ಪಕ್ಕ ಒಂದು ಗಾಜಿನ ಭರಣಿ,
ತುಂಬ ಕ್ವಾರ್ಟರ್ ನಾಣ್ಯ.
ಯಂತ್ರ ನಡುವೆ ನಿಂತರೆ ಕೈ ಹಾಕಿ ತೆಗೆದುಕೊಳ್ಳಿ,
ಯಾವ ಯಂತ್ರ ಎಂದು ಚೀಟಿ ಬರೆದಿಡಿ.
ಸೋಪಿನ ಕಂಪನಿಗೂ ನನಗೂ ಜಗಳ,
ನಿಮ್ಮ ಒದ್ದೆ ಬಟ್ಟೆಯ ಪರವಾಗಿ ಹೋರಾಡುತ್ತಿದ್ದೇನೆ
ಎಂದು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೇಳಿಲ್ಲ.

ಏನು ಪರಿಹಾರ ಬೇಕು ಎಂದು ಕೇಳಿದ್ದೀರಿ.
ಕತ್ತಲಾದ ದಿನದ ದುಡ್ಡು ತಾನಾಗಿ ಮರಳಲಿ,
ಯಾರೂ ಫೋನೆತ್ತದೆ.
ಕತ್ತಲು ಇರುವಷ್ಟು ದಿನ
ಹೋಗುವವರಿಗೆ ಬಾಗಿಲು ತೆರೆದಿರಲಿ, ದಂಡವಿಲ್ಲದೆ.
ಇಷ್ಟೇ. ಕಾನೂನಿನ ಭಾಷೆಗೆ
ನೀವೇ ತಿರುಗಿಸಿಕೊಳ್ಳಿ.

ಇದನ್ನು ಬರೆಯುತ್ತಿರುವಾಗಲೇ ವಾಹಿನಿ ಬಂತು,
ಇಪ್ಪತ್ತಮೂರನೇ ರಾತ್ರಿ. ಇಬ್ಬರೂ ಗೆದ್ದರಂತೆ.
ಬರುವ ತಿಂಗಳಿಂದ ಬಿಲ್ಲು ಎರಡು ಡಾಲರ್ ಹೆಚ್ಚು.
ಅರ್ಜಿ ಹಿಂತೆಗೆಯುವುದಿಲ್ಲ.

ಲಗತ್ತು: ಬಿಲ್ಲು ಒಂದು.
ಭರಣಿಯಿಂದ ಕ್ವಾರ್ಟರ್ ಒಂದು,
ವಾಪಸ್ ಕೊಡುವುದು ಹೇಗೆಂದು ತೋರಿಸಲು.
ನೋಡಿದ ಮೇಲೆ ಕಳಿಸಿಬಿಡಿ,
ಅದು ಮೂರನೇ ಯಂತ್ರದ್ದು.